ರಾಯಚೂರು ಜಿಲ್ಲೆಯ ಮನೆಗೋಡೆಗಳ ಅಲಂಕಾರ

ರಾಯಚೂರು ಜಿಲ್ಲೆಯ ಮನೆಗೋಡೆಗಳ ಅಲಂಕಾರ ಎಂಬುದು ಕರ್ನಾಟಕದ ರಾಯಚೂರು ನಗರ, ದೇವದುರ್ಗ, ಮಾನ್ವಿ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ವಾಸದ ಮನೆಗಳ ಗೋಡೆಗಳನ್ನು ಕಡಿಮೆ ವೆಚ್ಚದಲ್ಲಿ ಅಂದಗೊಳಿಸುವ ಪದ್ಧತಿಗಳನ್ನು ಕುರಿತದ್ದು. ಸುಣ್ಣ ಮತ್ತು ಕೆಮ್ಮಣ್ಣಿನ ಬಳಿಕೆ, ಹಬ್ಬದ ದಿನ ಗೋಡೆಯ ಮೇಲೆ ಬರೆಯುವ ಚಿತ್ರಗಳು, ಪಟಗಳ ಸಾಲು, ಕೌದಿ ಮತ್ತು ಸೀರೆಯಂತಹ ಬಟ್ಟೆಗಳ ಬಳಕೆ, ಬಿದಿರಿನ ಮೊರ-ಬುಟ್ಟಿಗಳು ಹಾಗೂ ಇತ್ತೀಚಿನ ಅಚ್ಚುಬಣ್ಣದ ವಿನ್ಯಾಸಗಳು ಇದರಲ್ಲಿ ಸೇರುತ್ತವೆ. ಹಬ್ಬ, ಮದುವೆ ಮತ್ತು ಗೃಹಪ್ರವೇಶಗಳಲ್ಲದೆ ಮನೆಯನ್ನು ಬಾಡಿಗೆಗೆ ಅಥವಾ ಮಾರಾಟಕ್ಕೆ ತೋರಿಸುವ ಸಂದರ್ಭದಲ್ಲಿಯೂ ಖಾಲಿ ಗೋಡೆಗಳನ್ನು ಹೀಗೆ ಸಿದ್ಧಪಡಿಸುವುದುಂಟು.

## ಹಿನ್ನೆಲೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಪ್ರದೇಶವನ್ನು ಪ್ರಾಚೀನ ಶಾಸನಗಳು ಎಡೆದೊರೆನಾಡು ಎಂದು ಕರೆದಿವೆ. ಇಲ್ಲಿ ಗೋಡೆ ಮತ್ತು ಬಂಡೆಗಳ ಮೇಲೆ ಚಿತ್ರ ಬರೆಯುವ ಅಭ್ಯಾಸ ಬಹಳ ಹಳೆಯದು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದ ಬಂಡೆಗಳ ಮೇಲೆ ಗೂಳಿ ಮೊದಲಾದವುಗಳ ಚಿತ್ರಗಳಿವೆ. ಅಲ್ಲಿಯ ನವಶಿಲಾಯುಗದ ನೆಲೆಯನ್ನು ಪುರಾತತ್ತ್ವಜ್ಞ ಎಫ್. ಆರ್. ಆಲ್ಚಿನ್ ಉತ್ಖನನ ಮಾಡಿ, ಅದರ ವರದಿಯನ್ನು 1960ರಲ್ಲಿ ಪ್ರಕಟಿಸಿದರು.

ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲನ್ನು ಕೂರಿಸಲಾಗಿದೆ. ಅದರ ಮೇಲೆ ಕೋಟೆಯ ನಿರ್ಮಾಣವನ್ನು ತಿಳಿಸುವ ಕ್ರಿ.ಶ. 1294ರ ಶಾಸನವಿದೆ. ಅದೇ ಬೃಹತ್ ಕಲ್ಲನ್ನು ಬಂಡಿಯ ಮೇಲಿರಿಸಿ, ಪಶುಗಳ ಸಾಲು ಹೂಡಿ ಎಳೆದು ತಂದ ದೃಶ್ಯವನ್ನೂ ಗೋಡೆಯಲ್ಲಿ ಕೆತ್ತಲಾಗಿದೆ. ಹೀಗೆ ಗೋಡೆಯೇ ತಾನು ಕಟ್ಟಲ್ಪಟ್ಟ ಕಥೆಯನ್ನು ಹೇಳುವ ಉದಾಹರಣೆ ನಗರದ ನಡುವೆಯೇ ಇದೆ.

ದೇವದುರ್ಗಕ್ಕೆ ಕೃಷ್ಣಾ ನದಿಯಾಚೆ ನೆರೆಯದಾದ ಸುರಪುರದಲ್ಲಿ ನಾಯಕ ಅರಸರ ಆಶ್ರಯದಲ್ಲಿ ಗರುಡಾದ್ರಿ ಮನೆತನದ ಕಲಾವಿದರು ಚಿನ್ನದ ಲೇಪನವುಳ್ಳ ಚಿಕಣಿ ಚಿತ್ರಗಳನ್ನು ರಚಿಸಿದರು. ಆದರೆ ಅದು ಅರಮನೆ ಮತ್ತು ಸಿರಿವಂತರ ಕಲೆಯಾಗಿತ್ತು. ಸಾಮಾನ್ಯರ ಮನೆಗಳಲ್ಲಿ ಸುಣ್ಣ, ಕೆಮ್ಮಣ್ಣು ಮತ್ತು ಸಗಣಿ ಇವೇ ಅಲಂಕಾರದ ಮುಖ್ಯ ಸಾಮಗ್ರಿಗಳಾಗಿದ್ದವು.

ರಾಯಚೂರು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಈ ಇತಿಹಾಸದ ಫಲವಾಗಿ ಕನ್ನಡ, ತೆಲುಗು ಮತ್ತು ಉರ್ದು ಮಾತನಾಡುವ ಮನೆಗಳು ಒಂದೇ ಓಣಿಯಲ್ಲಿರುವುದು ಸಾಮಾನ್ಯ. ಒಂದು ಮನೆಯ ಬಾಗಿಲಿನ ಮೇಲೆ ಓಂಕಾರ ಅಥವಾ ಸ್ವಸ್ತಿಕ, ಪಕ್ಕದ ಮನೆಯ ಬಾಗಿಲಿನ ಮೇಲೆ ಉರ್ದು ಸುಂದರಲಿಪಿಯ ಬರಹ ಕಾಣುವುದು ಇಲ್ಲಿ ವಿಶೇಷವಲ್ಲ.

## ಗೋಡೆಗಳ ಸ್ವರೂಪ

ಅಲಂಕಾರದ ವಿಧಾನವು ಗೋಡೆ ಯಾವುದರಿಂದ ಕಟ್ಟಿದ್ದು ಎಂಬುದನ್ನು ಅವಲಂಬಿಸಿದೆ. ಜಿಲ್ಲೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಗೋಡೆಗಳಿವೆ.

ಕಲ್ಲು-ಮಣ್ಣಿನ ಗೋಡೆ: ಹಳೆಯ ಮಾಳಿಗೆ ಮನೆಗಳ ಗೋಡೆಗಳು ಎರಡು ಅಡಿ ಅಥವಾ ಅದಕ್ಕಿಂತ ದಪ್ಪವಾಗಿರುತ್ತವೆ. ಕಲ್ಲುಗಳನ್ನು ಮಣ್ಣಿನ ಕೆಸರಿನಲ್ಲಿ ಕೂರಿಸಿ, ಮೇಲೆ ಹೊಟ್ಟು ಬೆರೆಸಿದ ಮಣ್ಣಿನ ಸಾರಣೆ ಮಾಡಿರುತ್ತಾರೆ. ದೀಪ ಮತ್ತು ಸಣ್ಣ ವಸ್ತುಗಳನ್ನಿಡಲು ಗೋಡೆಯಲ್ಲಿಯೇ ಗೂಡುಗಳಿರುತ್ತವೆ. ಹಗ್ಗ, ಬಟ್ಟೆ, ಚೀಲಗಳನ್ನು ತೂಗುಹಾಕಲು ಮರದ ಗೂಟಗಳಿರುತ್ತವೆ. ಗೂಡು ಮತ್ತು ಗೂಟಗಳೇ ಗೋಡೆಯನ್ನು ತುಂಬುವುದರಿಂದ ಇಂತಹ ಮನೆಗಳಲ್ಲಿ 'ಖಾಲಿ ಗೋಡೆ' ಎಂಬ ಸಮಸ್ಯೆ ಹೆಚ್ಚಾಗಿ ಇರಲಿಲ್ಲ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯವಾದ ಈ ಪ್ರದೇಶದಲ್ಲಿ ದಪ್ಪ ಗೋಡೆಯು ಒಳಾಂಗಣವನ್ನು ತಂಪಾಗಿಡುತ್ತದೆ.

ಸಿಮೆಂಟ್ ಗಿಲಾವಿನ ಗೋಡೆ: ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕಿನಿಂದ ಕಟ್ಟಿ ಸಿಮೆಂಟ್ ಗಿಲಾವು ಮಾಡಿದ ಇಂದಿನ ಗೋಡೆಗಳು ತೆಳ್ಳಗೆ ಹಾಗೂ ಸಪಾಟಾಗಿರುತ್ತವೆ. ಗೂಡುಗಳ ಸ್ಥಾನವನ್ನು ಕಪಾಟುಗಳು ಪಡೆದಿವೆ. ಹಜಾರದ ಒಂದು ಬದಿ ಪೂರ್ತಿ ಬರಿದಾಗಿ ಉಳಿಯುವುದು ಇಂತಹ ಮನೆಗಳಲ್ಲಿಯೇ ಹೆಚ್ಚು.

## ಸುಣ್ಣ ಮತ್ತು ಕೆಮ್ಮಣ್ಣು

### ಸುಣ್ಣ

ಸುಣ್ಣ ಬಳಿಯುವುದು ಈ ಭಾಗದ ಅತ್ಯಂತ ಅಗ್ಗದ ಹಾಗೂ ವ್ಯಾಪಕವಾದ ಗೋಡೆ ಅಲಂಕಾರ. ಕಪ್ಪು ಎರೆಭೂಮಿಯಲ್ಲಿ ಸುಣ್ಣದ ಅಂಶವುಳ್ಳ ಹರಳುಗಳು ಸಹಜವಾಗಿ ದೊರೆಯುತ್ತವೆ. ಹಿಂದೆ ಇಂತಹ ಹರಳುಗಳನ್ನು ಆರಿಸಿ ಭಟ್ಟಿಯಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದರು.

ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿದಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಉಂಟಾಗುತ್ತದೆ. ಈ ಕ್ರಿಯೆಯಲ್ಲಿ ತೀವ್ರ ಶಾಖ ಹೊರಬಿದ್ದು ನೀರು ಕುದಿಯುತ್ತದೆ. ಆದ್ದರಿಂದ ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸುಣ್ಣದ ರಾಶಿಯ ಮೇಲೆ ನೀರು ಸುರಿಯಬಾರದು. ಅರಳಿದ ಸುಣ್ಣವನ್ನು ಒಂದೆರಡು ದಿನ ನೆನೆಯಲು ಬಿಟ್ಟು, ಹಾಲಿನಷ್ಟು ತೆಳುವಾಗಿ ಕದಡಿ, ಬಟ್ಟೆಯಲ್ಲಿ ಸೋಸಲಾಗುತ್ತದೆ. ಗೋಡೆಗೆ ಹಿಡಿಯಲೆಂದು ಅಂಟನ್ನೋ ಉಪ್ಪನ್ನೋ, ಬಿಳುಪು ಹೊಳೆಯಲೆಂದು ಚಿಟಿಕೆ ಪುಡಿನೀಲಿಯನ್ನೋ ಸೇರಿಸುವ ವಾಡಿಕೆಯಿದೆ.

ಬಳಿದ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಈ ಬದಲಾವಣೆಗೆ ತೇವ ಬೇಕಾಗುವುದರಿಂದ ಒಣಗಿದ ಗೋಡೆಗೆ ಮೊದಲು ನೀರು ಚಿಮುಕಿಸಿ, ಬಿಸಿಲು ಇಳಿದ ಮೇಲೆ ಬಳಿಯುವುದು ಸರಿಯಾದ ಕ್ರಮ. ಉರಿಬಿಸಿಲಿನಲ್ಲಿ ಬಳಿದ ಸುಣ್ಣ ಬೇಗ ಒಣಗಿ, ಮುಟ್ಟಿದರೆ ಕೈಗೆ ಬರುತ್ತದೆ. ಹೊಸ ಗೋಡೆಗೆ ಮೂರು ಸಲ, ಹಳೆಯ ಗೋಡೆಗೆ ಒಂದೆರಡು ಸಲ ಬಳಿಯುವುದು ರೂಢಿ. ಮೊದಲೇ ಎಮಲ್ಷನ್ ಅಥವಾ ಎಣ್ಣೆಬಣ್ಣ ಬಳಿದ ಗೋಡೆಯ ಮೇಲೆ ಸುಣ್ಣ ನಿಲ್ಲುವುದಿಲ್ಲ, ಹೊಪ್ಪಳಿಕೆಯಾಗಿ ಉದುರುತ್ತದೆ.

### ಕೆಮ್ಮಣ್ಣು

ಕಬ್ಬಿಣದ ಆಕ್ಸೈಡ್ ಹೆಚ್ಚಾಗಿರುವ ಕೆಂಪು ಮಣ್ಣನ್ನು ಕೆಮ್ಮಣ್ಣು, ಹುರಮಂಜು ಅಥವಾ ಜಾಜು ಎಂದು ಕರೆಯುತ್ತಾರೆ. ಬಿಳಿಯ ಗೋಡೆಯ ಬುಡದಲ್ಲಿ ಎರಡು-ಮೂರು ಅಡಿ ಎತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿಯುವುದು, ಬಾಗಿಲು ಮತ್ತು ಗೂಡುಗಳ ಸುತ್ತ ಅಂಚು ಎಳೆಯುವುದು ಪರಿಚಿತ ವಿನ್ಯಾಸ. ಅಂದದ ಜೊತೆಗೆ ಇದಕ್ಕೆ ಉಪಯೋಗವೂ ಇದೆ. ನೆಲ ಸಾರಿಸುವಾಗ ಸಿಡಿಯುವ ನೀರು, ಮಳೆಯ ಕೆಸರು, ಕುಳಿತವರ ಬೆನ್ನಿನ ಕಲೆ ಇವೆಲ್ಲ ಕೆಂಪು ಪಟ್ಟಿಯಲ್ಲಿ ಎದ್ದು ಕಾಣುವುದಿಲ್ಲ. ಸಿಮೆಂಟ್ ಮನೆಗಳಲ್ಲಿಯೂ ಗೋಡೆಯ ಕೆಳಭಾಗಕ್ಕೆ ಗಾಢ ಬಣ್ಣ, ಮೇಲ್ಭಾಗಕ್ಕೆ ತಿಳಿ ಬಣ್ಣ ಬಳಿಯುವ ರೂಢಿ ಇದನ್ನೇ ನೆನಪಿಸುತ್ತದೆ.

## ಹಬ್ಬ ಮತ್ತು ಮದುವೆ

ದಸರಾ, ದೀಪಾವಳಿ ಮತ್ತು ಯುಗಾದಿಗೆ ಮುನ್ನ ಮನೆಯ ಸಾಮಾನುಗಳನ್ನೆಲ್ಲ ಹೊರಗಿಟ್ಟು, ಜೇಡರಬಲೆ ತೆಗೆದು ಸುಣ್ಣ ಬಳಿಯುತ್ತಾರೆ. ನಾಗರ ಪಂಚಮಿಯಂದು ಕೆಲವು ಮನೆಗಳಲ್ಲಿ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಸುಣ್ಣದಿಂದ ನಾಗರ ಚಿತ್ರ ಬರೆದು ಪೂಜಿಸುವ ಪದ್ಧತಿಯಿದೆ. ಈ ಚಿತ್ರಗಳನ್ನು ಹೆಚ್ಚಾಗಿ ಮನೆಯ ಹೆಂಗಸರೇ ಬರೆಯುತ್ತಾರೆ. ಕುಂಚವಾಗಿ ಬಟ್ಟೆ ಸುತ್ತಿದ ಕಡ್ಡಿ ಅಥವಾ ಬೆರಳೇ ಸಾಕು.

ಮದುವೆ ನಡೆಯುವ ಮನೆಗೆ ಸುಣ್ಣಬಣ್ಣ ಬಳಿಸುವುದು ಕಡ್ಡಾಯವೆಂಬಷ್ಟು ರೂಢಿಯಾಗಿದೆ. ಬೀದಿಯ ಕಡೆಯ ಗೋಡೆಯ ಮೇಲೆ 'ಶುಭವಿವಾಹ' ಎಂಬ ಬರಹ, ವಧೂವರರ ಹೆಸರು, ಕಲಶ, ಬಾಳೆಗಿಡ ಮೊದಲಾದ ಚಿತ್ರಗಳನ್ನು ಬರೆಸುತ್ತಾರೆ. ಮದುವೆಯಾಗಿ ವರ್ಷಗಳು ಕಳೆದರೂ ಮತ್ತೊಮ್ಮೆ ಬಣ್ಣ ಬಳಿಯುವವರೆಗೆ ಈ ಬರಹ ಉಳಿಯುವುದರಿಂದ ಅದು ಆ ಮನೆಯ ಒಂದು ದಾಖಲೆಯೂ ಆಗಿರುತ್ತದೆ. ಬಾಗಿಲ ಮೇಲೆ ಮಾವಿನ ತೋರಣದ ಜೊತೆಗೆ ಹೆಣ್ಣುಮಕ್ಕಳು ಕೈಯಾರೆ ಪೋಣಿಸಿದ ಮಣಿಯ ತೋರಣ, ಕ್ರೋಷಾ ನೂಲಿನ ತೋರಣಗಳು ತೂಗುತ್ತವೆ.

## ಪಟಗಳ ಸಾಲು

ಗೋಡೆಯ ಮೇಲ್ಭಾಗದಲ್ಲಿ ತುಸು ಮುಂದಕ್ಕೆ ಬಾಗಿಸಿ ಸಾಲಾಗಿ ತೂಗುಹಾಕಿದ ಪಟಗಳು ಹಳೆಯ ಪಡಸಾಲೆಗಳ ಸಾಮಾನ್ಯ ನೋಟ. ಚಿತ್ರಕಾರ ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಕಲ್ಲಚ್ಚಿನ ಮುದ್ರಣಾಲಯವು ದೇವದೇವಿಯರ ಬಣ್ಣದ ಚಿತ್ರಗಳನ್ನು ಅಗ್ಗದ ಬೆಲೆಗೆ ಜನರಿಗೆ ತಲುಪಿಸಿತು. ಅನಂತರ ಅಂಗಡಿಗಳು ಗಿರಾಕಿಗಳಿಗೆ ಉಚಿತವಾಗಿ ನೀಡುವ ಕ್ಯಾಲೆಂಡರುಗಳು ಇದೇ ಕೆಲಸವನ್ನು ಮುಂದುವರಿಸಿದವು. ವರ್ಷ ಮುಗಿದ ಮೇಲೆ ತಿಂಗಳ ಹಾಳೆಗಳನ್ನು ಕತ್ತರಿಸಿ ಚಿತ್ರಕ್ಕೆ ಕಟ್ಟು ಹಾಕಿಸಿಕೊಳ್ಳುವುದುಂಟು.

ಪಟಗಳು ಮನೆಯ ನಂಬಿಕೆ ಹಾಗೂ ವಂಶವನ್ನು ಪರಿಚಯಿಸುತ್ತವೆ. ಮಂತ್ರಾಲಯವು ಸಮೀಪದಲ್ಲಿರುವುದರಿಂದ ರಾಘವೇಂದ್ರ ಸ್ವಾಮಿಗಳ ಪಟ ಅನೇಕ ಮನೆಗಳಲ್ಲಿದೆ. ಹರಿದಾಸರಾದ ಜಗನ್ನಾಥದಾಸರ ಊರಾದ ಮಾನ್ವಿಯಲ್ಲಿ ದಾಸರ ಪಟಗಳು, ಲಿಂಗಾಯತ ಮನೆಗಳಲ್ಲಿ ಬಸವಣ್ಣನವರ ಹಾಗೂ ಮಠಾಧೀಶರ ಪಟಗಳು, ಮುಸ್ಲಿಂ ಮನೆಗಳಲ್ಲಿ ಮೆಕ್ಕಾ-ಮದೀನಾದ ಚಿತ್ರಗಳು, ಇನ್ನು ಅನೇಕ ಮನೆಗಳಲ್ಲಿ ಬುದ್ಧ ಮತ್ತು ಡಾ. ಬಿ. ಆರ್. ಅಂಬೇಡ್ಕರ್ ಅವರ ಚಿತ್ರಗಳು ಕಾಣುತ್ತವೆ. ಹಿರಿಯರ ಭಾವಚಿತ್ರಗಳಿಗೆ ಹಾರ ಹಾಕಿರುತ್ತಾರೆ.

## ಬಟ್ಟೆ ಮತ್ತು ಕೈಕಸುಬಿನ ವಸ್ತುಗಳು

ದೊಡ್ಡ ಗೋಡೆಯನ್ನು ಒಂದೇ ವಸ್ತುವಿನಿಂದ ತುಂಬಲು ಬಟ್ಟೆ ಅತ್ಯಂತ ಅನುಕೂಲವಾದದ್ದು. ಹೆಚ್ಚಿನವು ಮನೆಯಲ್ಲಿಯೇ ಇರುವುದರಿಂದ ಹೊಸ ಖರ್ಚು ಬೀಳುವುದಿಲ್ಲ.

* ಕೌದಿ: ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರು ಪದರಾಗಿ ಜೋಡಿಸಿ ಕೈಯಿಂದ ಹೊಲಿದ ಹೊದಿಕೆ. ಉತ್ತರ ಕರ್ನಾಟಕದಾದ್ಯಂತ ಬಳಕೆಯಲ್ಲಿದೆ. ಭಾರವಾಗಿರುವುದರಿಂದ ಮೇಲಂಚಿನ ಹಿಂಬದಿಗೆ ಬಟ್ಟೆಯ ಕೊಳವೆ ಹೊಲಿದು, ಅದರೊಳಗೆ ಬಿದಿರಿನ ಕೋಲು ತೂರಿಸಿ ಎರಡು ಮೊಳೆಗಳಿಗೆ ತೂಗುಹಾಕಬೇಕು.
* ಇಳಕಲ್ ಸೀರೆ: ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ನೇಯುವ ಈ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. ಹರಿದ ಸೀರೆಯಲ್ಲಿಯೂ ಟೋಪ್ ತೆನೆಯ ಸೆರಗು ಗಟ್ಟಿಯಾಗಿ ಉಳಿದಿರುತ್ತದೆ. ಅದನ್ನು ಕತ್ತರಿಸಿ ಹಲಗೆಗೆ ಬಿಗಿದರೆ ಅಗಲವಾದ ಗೋಡೆಚಿತ್ರವಾಗುತ್ತದೆ.
* ಲಂಬಾಣಿ ಕಸೂತಿ: ಜಿಲ್ಲೆಯ ತಾಂಡಾಗಳ ಬಂಜಾರ ಮಹಿಳೆಯರು ಕನ್ನಡಿ ಚೂರು, ಕವಡೆ ಮತ್ತು ಬಣ್ಣದ ದಾರಗಳಿಂದ ಕಸೂತಿ ಮಾಡುತ್ತಾರೆ. ಬಳ್ಳಾರಿ ಸೀಮೆಯ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಕನ್ನಡಿ ಚೂರುಗಳು ಕಿಟಕಿಯ ಬೆಳಕನ್ನು ಹರಡುವುದರಿಂದ ಕತ್ತಲೆಯ ಕೋಣೆಗೆ ಇವು ಹೊಂದುತ್ತವೆ.
* ಜಮಖಾನ ಮತ್ತು ಚಾಪೆ: ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನಗಳು ಪ್ರಸಿದ್ಧ. ಈಚಲು ಚಾಪೆಯನ್ನು ಗೋಡೆಗೆ ಬಿಗಿದು, ಅದರ ಮೇಲೆ ಪಟಗಳನ್ನು ತೂಗುಹಾಕಬಹುದು.
* ಮೊರ ಮತ್ತು ಬುಟ್ಟಿ: ಮೇದಾರರು ಹೆಣೆದ ಬಿದಿರಿನ ಮೊರ, ತಟ್ಟೆಬುಟ್ಟಿಗಳನ್ನು ಬಣ್ಣ ಬಳಿದು ಅಥವಾ ಹಾಗೆಯೇ ಐದು-ಏಳರ ಗುಂಪಾಗಿ ಜೋಡಿಸುತ್ತಾರೆ. ಹಗುರವಾಗಿರುವುದರಿಂದ ಸಣ್ಣ ಮೊಳೆಯೇ ಸಾಕು.

ಕರ್ನಾಟಕದ ಇತರ ಭಾಗಗಳಲ್ಲಿಯೂ ಇಂತಹ ಪರಂಪರೆಗಳಿವೆ. ಶಿವಮೊಗ್ಗ ಜಿಲ್ಲೆಯ ದೀವರ ಸಮುದಾಯದ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ನೆಲೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳನ್ನು ಪುಂಡಿನಾರಿನ ಕುಂಚದಿಂದ ಬರೆಯುತ್ತಾರೆ. ಕರಾವಳಿಯ ಕಾವಿ ಕಲೆಯಲ್ಲಿ ಸುಣ್ಣದ ಗಾರೆಯ ಮೇಲಿನ ಕೆಂಪು ಪದರವನ್ನು ಕೆರೆದು ಚಿತ್ರ ಬಿಡಿಸುತ್ತಾರೆ. ಪುಂಡಿ ರಾಯಚೂರು ಸೀಮೆಯಲ್ಲಿಯೂ ಸೊಪ್ಪಿಗಾಗಿ ಬೆಳೆಯುವ ಗಿಡವಾದ್ದರಿಂದ ಶಾಲೆಯ ಮಕ್ಕಳು ಅದರ ನಾರಿನಿಂದ ಕುಂಚ ಮಾಡಿಕೊಳ್ಳುವುದು ಕಷ್ಟವಲ್ಲ.

## ಮನೆ ತೋರಿಸುವ ಸಂದರ್ಭ

ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ, 2008ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜು ಮೊದಲಾದವುಗಳಿಂದಾಗಿ ರಾಯಚೂರಿಗೆ ಹೊರಗಿನ ನೌಕರರು ಹಾಗೂ ವಿದ್ಯಾರ್ಥಿಗಳು ಬರುತ್ತಾರೆ; ಬಾಡಿಗೆ ಮನೆಗಳಿಗೆ ಬೇಡಿಕೆಯಿದೆ. ಸಾಮಾನು ತೆರವು ಮಾಡಿದ ಮನೆಯ ದೊಡ್ಡ ಗೋಡೆಯ ಮೇಲೆ ಹಳೆಯ ಮೊಳೆ, ಪಟವಿದ್ದ ಜಾಗದ ಕಲೆ, ಎಣ್ಣೆಜಿಡ್ಡು ಎದ್ದು ಕಾಣುತ್ತವೆ. ಇಂತಹ ಸಂದರ್ಭದಲ್ಲಿ ಅನುಸರಿಸುವ ಕ್ರಮಗಳು ಇವು.

ಸ್ವಚ್ಛತೆ ಮತ್ತು ರಿಪೇರಿ: ಮೊದಲು ಮೊಳೆಗಳನ್ನು ಕಿತ್ತು, ತೂತುಗಳಿಗೆ ಪುಟ್ಟಿ ತುಂಬಿ, ಉಜ್ಜುಕಾಗದದಿಂದ ಸಮ ಮಾಡಲಾಗುತ್ತದೆ. ಈ ಹಂತವನ್ನು ಬಿಟ್ಟರೆ ಮುಂದಿನ ಯಾವ ಅಲಂಕಾರವೂ ಫಲ ಕೊಡುವುದಿಲ್ಲ.

ಒಂದೇ ಗೋಡೆಗೆ ಬಣ್ಣ: ಇಡೀ ಕೋಣೆಯ ಬದಲು ಬಾಗಿಲಿಗೆ ಎದುರಾದ ಒಂದು ಗೋಡೆಗೆ ಮಾತ್ರ ಬೇರೆ ಬಣ್ಣ ಬಳಿದರೆ ಖರ್ಚು ಕಡಿಮೆ. 12 ಅಡಿ ಉದ್ದ, 10 ಅಡಿ ಎತ್ತರದ ಗೋಡೆಯ ವಿಸ್ತೀರ್ಣ 120 ಚದರ ಅಡಿ. ಸಾಮಾನ್ಯ ಎಮಲ್ಷನ್ ಬಣ್ಣ ಒಂದು ಲೀಟರಿಗೆ ಎರಡು ಕೋಟಿನಲ್ಲಿ ಸುಮಾರು 50ರಿಂದ 70 ಚದರ ಅಡಿ ಬರುವುದರಿಂದ ಇದಕ್ಕೆ ಎರಡು ಲೀಟರಿನ ಆಸುಪಾಸು ಬೇಕಾಗುತ್ತದೆ. ಬಾಗಿಲು, ಕಿಟಕಿಗಳ ವಿಸ್ತೀರ್ಣವನ್ನು ಕಳೆದು ಲೆಕ್ಕ ಹಾಕಬೇಕು.

ಅಚ್ಚುಬಣ್ಣ: ದಪ್ಪ ಪ್ಲಾಸ್ಟಿಕ್ ಹಾಳೆ ಅಥವಾ ಹಳೆಯ ಎಕ್ಸ್-ರೇ ಹಾಳೆಯಲ್ಲಿ ರಂಗೋಲಿಯ ಎಳೆ, ಎಲೆ, ತೇರು ಮೊದಲಾದ ಆಕಾರ ಕತ್ತರಿಸಿ, ಗೋಡೆಗೆ ಹಿಡಿದು ಸ್ಪಂಜಿನಿಂದ ಬಣ್ಣ ಒತ್ತುತ್ತಾರೆ. ಸ್ಪಂಜಿನಲ್ಲಿ ಬಣ್ಣ ಕಡಿಮೆಯಿದ್ದಷ್ಟೂ ಅಂಚು ಸ್ಪಷ್ಟವಾಗಿ ಬರುತ್ತದೆ.

ಪಟಗಳ ಜೋಡಣೆ: ಪಟದ ನಡುಭಾಗವು ನೆಲದಿಂದ ಸುಮಾರು 57ರಿಂದ 60 ಅಂಗುಲ ಎತ್ತರದಲ್ಲಿದ್ದರೆ ನಿಂತವರ ಕಣ್ಣಿಗೆ ಸಮನಾಗುತ್ತದೆ. ಗುಂಪಾಗಿ ಹಾಕುವಾಗ ಎರಡು-ಮೂರು ಅಂಗುಲ ಅಂತರ ಸಾಕು. ಪಟಗಳ ಅಳತೆಗೆ ಪತ್ರಿಕೆಯ ಹಾಳೆ ಕತ್ತರಿಸಿ ಗೋಡೆಗೆ ಅಂಟಿಸಿ ನೋಡಿ, ಅನಂತರ ಮೊಳೆ ಹೊಡೆದರೆ ಗೋಡೆ ಕೆಡುವುದಿಲ್ಲ. ಕಲ್ಲು-ಮಣ್ಣಿನ ಗೋಡೆಯಲ್ಲಿ ಕಲ್ಲಿನ ಮೇಲೆ ಮೊಳೆ ಇಳಿಯದು. ಸಂದಿನಲ್ಲಿ ಮರದ ಗೂಟ ಹೊಡೆದು ಅದಕ್ಕೆ ಮೊಳೆ ಹೊಡೆಯಬೇಕು.

ಕನ್ನಡಿ: ಕಿಟಕಿಗೆ ಎದುರಾಗಿ ಅಥವಾ ಪಕ್ಕದ ಗೋಡೆಯಲ್ಲಿರಿಸಿದ ಕನ್ನಡಿ ಬೆಳಕನ್ನು ಹೆಚ್ಚಿಸಿ ಕೋಣೆಯನ್ನು ವಿಶಾಲವಾಗಿ ತೋರಿಸುತ್ತದೆ. ಸೂರ್ಯನ ನೇರ ಬಿಸಿಲು ಬೀಳುವ ಕಡೆ ಕನ್ನಡಿ ಇಡುವುದು ಈ ಪ್ರದೇಶಕ್ಕೆ ಹೊಂದುವುದಿಲ್ಲ.

ಧಾರ್ಮಿಕ ಪಟಗಳು ಹಾಗೂ ಕುಟುಂಬದ ಭಾವಚಿತ್ರಗಳನ್ನು ತೆಗೆದಿಟ್ಟು ಮನೆ ತೋರಿಸಬೇಕೆಂಬುದು ಪಾಶ್ಚಾತ್ಯ ದೇಶಗಳ ಮನೆ ಮಾರಾಟದ ಸಲಹೆಗಳಲ್ಲಿ ಸಾಮಾನ್ಯ. ಇಲ್ಲಿ ಮನೆಯವರು ಇನ್ನೂ ವಾಸವಿರುವಾಗ ದೇವರ ಪಟಗಳನ್ನು ಇಳಿಸುವುದನ್ನು ಅನೇಕರು ಒಪ್ಪುವುದಿಲ್ಲ.

| ವಿಧಾನ | ಹೊಂದುವ ಗೋಡೆ | ಸಾಮಾನ್ಯ ಬಾಳಿಕೆ | ತೆಗೆದಾಗ ಗುರುತು |
|---|---|---|---|
| ಸುಣ್ಣ | ಮಣ್ಣು, ಗಾರೆ, ಬಣ್ಣವಿಲ್ಲದ ಸಿಮೆಂಟ್ | ಒಂದು ವರ್ಷ | ಉಳಿಯುತ್ತದೆ |
| ಡಿಸ್ಟೆಂಪರ್ | ಒಣಗಿದ ಸಿಮೆಂಟ್ ಗಿಲಾವು | ಎರಡು-ಮೂರು ವರ್ಷ | ಉಳಿಯುತ್ತದೆ |
| ಎಮಲ್ಷನ್, ಅಚ್ಚುಬಣ್ಣ | ಪುಟ್ಟಿ ಹಾಕಿದ ಗೋಡೆ | ನಾಲ್ಕೈದು ವರ್ಷ | ಉಳಿಯುತ್ತದೆ |
| ಕೌದಿ, ಸೀರೆ, ಜಮಖಾನ | ತೇವವಿಲ್ಲದ ಯಾವುದೇ ಗೋಡೆ | ಬಟ್ಟೆಯನ್ನು ಅವಲಂಬಿಸಿ | ಎರಡು ಮೊಳೆಯ ತೂತು |
| ಮೊರ, ಬುಟ್ಟಿ | ಯಾವುದೇ ಗೋಡೆ | ಹಲವು ವರ್ಷ | ಸಣ್ಣ ತೂತು |

## ತೇವ ಮತ್ತು ಸವಳು

ತುಂಗಭದ್ರಾ ಎಡದಂಡೆ ಕಾಲುವೆಯಿಂದ ಮಾನ್ವಿ ಭಾಗಕ್ಕೂ ನಾರಾಯಣಪುರ ಬಲದಂಡೆ ಕಾಲುವೆಯಿಂದ ದೇವದುರ್ಗ ಭಾಗಕ್ಕೂ ನೀರಾವರಿ ದೊರೆತಿದೆ. ಸದಾ ನೀರು ನಿಲ್ಲುವ ಭತ್ತದ ಪ್ರದೇಶದಲ್ಲಿ ಭೂಮಿ ಜೌಗಾಗುವುದು, ಸವಳಾಗುವುದು ತಿಳಿದ ಸಮಸ್ಯೆ. ಅದೇ ನೀರು ತಳಪಾಯದ ಮೂಲಕ ಗೋಡೆಗೆ ಏರುತ್ತದೆ. ನೀರು ಆವಿಯಾದ ಮೇಲೆ ಲವಣಗಳು ಗೋಡೆಯ ಮೇಲೆ ಬಿಳಿ ಪುಡಿಯಾಗಿ ಉಳಿದು, ಬಣ್ಣ ಉಬ್ಬಿ, ಗಿಲಾವು ಉದುರುತ್ತದೆ.

ಇಂತಹ ಗೋಡೆಯನ್ನು ಕೌದಿ, ಚಾಪೆ ಅಥವಾ ಅಂಟುವ ಕಾಗದದಿಂದ ಮುಚ್ಚುವುದು ಹಾನಿಕರ. ಗಾಳಿಯಾಡದೆ ಹಿಂಬದಿಯಲ್ಲಿ ಬೂಸ್ಟು ಬೆಳೆಯುತ್ತದೆ. ಬೂಸ್ಟು ಉಬ್ಬಸವುಳ್ಳವರಿಗೆ ಮತ್ತು ಮಕ್ಕಳಿಗೆ ತೊಂದರೆ ಕೊಡುತ್ತದೆ. ಉಸಿರಾಡುವ ಗುಣವುಳ್ಳ ಸುಣ್ಣವೇ ಇಲ್ಲಿ ಪ್ಲಾಸ್ಟಿಕ್ ಅಂಶದ ಬಣ್ಣಕ್ಕಿಂತ ಮೇಲು. ಅದಕ್ಕೂ ಮೊದಲು ಸೋರುವ ನಲ್ಲಿ, ಗೋಡೆಯ ಬುಡದಲ್ಲಿ ನಿಲ್ಲುವ ಬಚ್ಚಲ ನೀರು ಇವುಗಳನ್ನು ಸರಿಪಡಿಸಬೇಕು. ಕೈಯಿಂದ ತಟ್ಟಿದಾಗ ಟೊಳ್ಳು ಸದ್ದು ಬರುವ ಗಿಲಾವನ್ನು ಕೆಡವಿ ಹೊಸದಾಗಿ ಮಾಡಬೇಕು. ಅದಕ್ಕೆ ಭಾರದ ಪಟ ತೂಗುಹಾಕುವುದು ಅಪಾಯಕಾರಿ.

## ಸುರಕ್ಷತೆ

ಸುಣ್ಣದ ನೀರು ಕಣ್ಣಿಗೆ ಸಿಡಿದರೆ ದೃಷ್ಟಿಗೆ ಶಾಶ್ವತ ಹಾನಿಯಾಗಬಹುದು. ಕೂಡಲೇ ಧಾರಾಳವಾದ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಸುಣ್ಣ ಅರಳಿಸುವ ಪಾತ್ರೆಯ ಬಳಿ ಮಕ್ಕಳನ್ನು ಬಿಡಬಾರದು.

ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸದ ಅಂಶವಿರುತ್ತಿತ್ತು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಭಾರತ ಸರ್ಕಾರದ 2016ರ ನಿಯಮಗಳು ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷ ಭಾಗಕ್ಕೆ 90 ಭಾಗಗಳಿಗೆ ಸೀಮಿತಗೊಳಿಸಿವೆ. ಹಳೆಯ ಬಾಗಿಲು, ಗೋಡೆಪಟ್ಟಿಗಳ ಬಣ್ಣವನ್ನು ಒಣಗಿದಂತೆಯೇ ಉಜ್ಜದೆ, ಒದ್ದೆ ಮಾಡಿ ಉಜ್ಜಬೇಕು; ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಅಡುಗೆ ಒಲೆ, ದೇವರ ದೀಪ ಮತ್ತು ವಿದ್ಯುತ್ ಗುಂಡಿಗಳ ಹತ್ತಿರ ಬಟ್ಟೆಯ ಅಲಂಕಾರ ಮಾಡಬಾರದು.

## ಕಾನೂನಿನ ಅಂಶಗಳು

1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಕಲಮಿನಂತೆ, ಮಾರಾಟಗಾರನು ತನಗೆ ತಿಳಿದಿದ್ದು ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮುಖ್ಯ ದೋಷಗಳನ್ನು ತಿಳಿಸಬೇಕು. ಬೇರೆ ಕರಾರು ಇಲ್ಲದಿದ್ದಲ್ಲಿ ಬಾಡಿಗೆಗೆ ಕೊಡುವವರಿಗೂ 108ನೆಯ ಕಲಮು ಇದೇ ಬಗೆಯ ಹೊಣೆ ವಿಧಿಸುತ್ತದೆ. ಆದ್ದರಿಂದ ಬಿರುಕು ಅಥವಾ ತೇವವನ್ನು ಅಲಂಕಾರದಿಂದ ಮರೆಮಾಡಿ ಮನೆ ಕೊಡುವುದು ಮುಂದೆ ವ್ಯಾಜ್ಯಕ್ಕೆ ಕಾರಣವಾಗಬಹುದು. ಬಾಡಿಗೆದಾರನು ಸಹಜ ಸವೆತವನ್ನು ಬಿಟ್ಟು, ಮನೆಯನ್ನು ಪಡೆದಾಗಿನ ಸ್ಥಿತಿಯಲ್ಲಿ ಹಿಂದಿರುಗಿಸಬೇಕೆಂದೂ ಅದೇ ಕಲಮು ಹೇಳುತ್ತದೆ. ಬಾಡಿಗೆ ಮನೆಯಲ್ಲಿ ಬಣ್ಣ ಬಳಿಯುವ ಮುನ್ನ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು, ಇಲ್ಲವೇ ತೂಗುಹಾಕುವ ವಸ್ತುಗಳಿಗೆ ಸೀಮಿತವಾಗುವುದು ಕ್ಷೇಮಕರ.

## ಇಂದಿನ ಸ್ಥಿತಿ

ಮಾಳಿಗೆ ಮನೆಗಳು ಸಿಮೆಂಟ್ ಮನೆಗಳಾಗಿ ಬದಲಾಗುತ್ತಿರುವಂತೆ ಕೆಮ್ಮಣ್ಣಿನ ಬಳಕೆ ಕುಗ್ಗಿದೆ. ಬ್ಯಾನರ್ ಮುದ್ರಣ ಬಂದ ಮೇಲೆ ಮದುವೆ ಮನೆಯ ಗೋಡೆ ಬರೆಯುವ ಕಲಾವಿದರಿಗೆ ಕೆಲಸ ಕಡಿಮೆಯಾಗಿದೆ. ಇನ್ನೊಂದೆಡೆ ಸರ್ಕಾರಿ ಶಾಲೆ ಮತ್ತು ಕಚೇರಿಗಳ ಗೋಡೆಗಳ ಮೇಲೆ ಚಿತ್ರ ಬರೆಸುವುದು ಹೆಚ್ಚಿದೆ. ಆದರೆ ಅವುಗಳಲ್ಲಿ ಮಹಾರಾಷ್ಟ್ರದ ವರ್ಲಿ ಶೈಲಿಯೇ ಹೆಚ್ಚಾಗಿ ಕಾಣುತ್ತದೆ. ಪಂಚಮಿಯ ನಾಗರ ಚಿತ್ರ, ಕೆಮ್ಮಣ್ಣಿನ ಅಂಚು, ಗೂಡಿನ ಸುತ್ತಲಿನ ಗೆರೆಗಳಂತಹ ಸ್ಥಳೀಯ ವಿನ್ಯಾಸಗಳು ಬರೆಯುವ ಕೈಗಳೊಂದಿಗೇ ಮರೆಯಾಗುತ್ತವೆ. ಪ್ರತಿವರ್ಷ ಅಳಿಸಿ ಹೊಸದಾಗಿ ಬರೆಯುವ ಈ ಚಿತ್ರಗಳ ಛಾಯಾಚಿತ್ರ ಸಂಗ್ರಹ ಹಾಗೂ ಹಿರಿಯ ಮಹಿಳೆಯರಿಂದ ವಿನ್ಯಾಸಗಳ ಹೆಸರುಗಳ ದಾಖಲೆ, ಶಾಲಾ ವಿದ್ಯಾರ್ಥಿಗಳೂ ಕೈಗೊಳ್ಳಬಹುದಾದ ಕೆಲಸ.

## ಇವನ್ನೂ ನೋಡಿ

* ರಾಯಚೂರು ಕೋಟೆ
* ಹಸೆ ಚಿತ್ತಾರ
* ಕಾವಿ ಕಲೆ
* ಸುರಪುರ ಚಿತ್ರಕಲೆ
* ಕೌದಿ
* ಇಳಕಲ್ ಸೀರೆ
* ರಂಗೋಲಿ